ಬಿಸಿಯಾಗುವ ಗಾಳಿ, ಹದ ತಪ್ಪುವ ಮಳೆ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹಾಗಾಗಿ ಸುರಿದರೆ ಮಳೆ ಜೋರು. ಕೈಕೊಟ್ಟರೆ ನೆಲ ಬೇಗ ಒಣಗುತ್ತದೆ.

ಮದ್ದೂರು ಸೀಮೆಯ ಭತ್ತ, ಕಬ್ಬಿಗೆ ಕೆಆರ್‌ಎಸ್‌ ಅಣೆಕಟ್ಟೆಯ ವಿಶ್ವೇಶ್ವರಯ್ಯ ನಾಲೆಯೇ ಆಸರೆ. 2022ರಲ್ಲಿ ತುಂಬಿದ ಅಣೆಕಟ್ಟೆ 2023ರಲ್ಲಿ ತುಂಬಲಿಲ್ಲ. ಇಂಥ ಏರುಪೇರು ಹಿಂದೆಯೂ ಇತ್ತು. ತಾಪಮಾನ ಏರಿದಷ್ಟೂ ಅದು ತೀವ್ರವಾಗುತ್ತದೆ.

ಸದಾ ನೀರು ನಿಂತ ಭತ್ತದ ಗದ್ದೆಯಿಂದ ಶಾಖ ಹಿಡಿದಿಡುವ ಇನ್ನೊಂದು ಅನಿಲ, ಮೀಥೇನ್ ಏಳುತ್ತದೆ. ನಡುನಡುವೆ ಗದ್ದೆ ಆರಲು ಬಿಟ್ಟು ನೀರು ಕಟ್ಟಿದರೆ ಮೀಥೇನ್ ತಗ್ಗುತ್ತದೆ, ನೀರೂ ಉಳಿಯುತ್ತದೆ.

ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದ ಕಾಮೇಗೌಡರು ಬೆಟ್ಟದಲ್ಲಿ ಒಂದೊಂದಾಗಿ ಕಟ್ಟೆ ತೋಡಿ ಮಳೆನೀರು ನಿಲ್ಲಿಸಿದರು. ಹವಾಮಾನ ಬದಲಾವಣೆಗೆ ಊರು ಸಜ್ಜಾಗುವುದು ಇಂಥ ಕೆಲಸಗಳಿಂದಲೇ.