ಪುಸ್ತಕ ಅಚ್ಚಾಯ್ತು, ಇ-ಪುಸ್ತಕದ ಹಕ್ಕು ಯಾರ ಹತ್ರ ಇದೆ?

ಇವತ್ತಿನ ಕಂತು ಬರೆಯೋ ಹುಡುಗ-ಹುಡುಗಿಯರಿಗೆ.

ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಕಥೆ ಬರೆಯೋ ಒಬ್ಬ ಹುಡುಗಿ ಇದ್ದಾಳೆ ಅಂತ ಇಟ್ಕೊಳ್ಳಿ. ವಿಜಯಪುರದ ಒಬ್ಬ ಸಣ್ಣ ಪ್ರಕಾಶಕರು, ಅವಳ ಬಾಯಲ್ಲಿ ‘ಕಾಕಾ’, ಅವಳ ಸಂಕಲನದ 500 ಪ್ರತಿ ಅಚ್ಚು ಹಾಕಿಸ್ತಾರೆ. ಒಪ್ಪಂದ ಇಲ್ಲ, ಸಹಿ ಇಲ್ಲ, ಚಹಾ ಕುಡಿದು ಮಾತಾಡಿದ್ದೇ ಎಲ್ಲ. ಎರಡು ವರ್ಷದ ಮೇಲೆ ಒಂದು ಆ್ಯಪ್‌ನವರು ಫೋನ್ ಮಾಡ್ತಾರೆ: “ಇದನ್ನ ಇ-ಪುಸ್ತಕ ಮಾಡೋಣ, ಹಕ್ಕು ಯಾರದು?” ಅವಳು ಕಾಕಾರ ಮುಖ ನೋಡ್ತಾಳೆ, ಕಾಕಾ ಅವಳ ಮುಖ ನೋಡ್ತಾರೆ.

ಉತ್ತರ: ಅವಳದೇ. ಬರೆದವರೇ ಮೊದಲ ಹಕ್ಕುದಾರರು. ಅದಕ್ಕೆ ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನ ಇನ್ನೊಬ್ಬರಿಗೆ ವರ್ಗಾಯಿಸಬೇಕಂದ್ರೆ ಅದು ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು ಅಂತ ಹೇಳಿರಬೇಕು. ಪುಸ್ತಕದ ಎರಡನೇ ಪುಟದಲ್ಲಿ ‘ಹಕ್ಕುಗಳು: ಪ್ರಕಾಶಕರದು’ ಅಂತ ಅಚ್ಚಾಗಿರುತ್ತಲ್ಲ, ನೀವು ಸಹಿ ಹಾಕಿದ ಕಾಗದ ಇಲ್ಲದೆ ಆ ಸಾಲೊಂದರಿಂದಲೇ ಹಕ್ಕು ಕೈ ಬದಲಾಗೋದಿಲ್ಲ. ಡಿಟಿಪಿ ಮಾಡೋರು ಹಳೇ ಪುಸ್ತಕದಿಂದ ಆ ಪುಟವನ್ನ ಹಾಗೇ ನಕಲು ಮಾಡಿರೋದೂ ಉಂಟು.

ಹಾಗಾದ್ರೆ ತೊಂದರೆ ಎಲ್ಲಿ? ಕಾಗದಕ್ಕೆ ಸಹಿ ಹಾಕೋ ದಿನ. “ಎಲ್ಲ ಹಕ್ಕುಗಳನ್ನೂ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ” ಅನ್ನೋ ಸಾಲು ಕಂಡ್ರೆ ಅಲ್ಲೇ ನಿಲ್ಲಿ. 2012ರ ತಿದ್ದುಪಡಿ ಈ ‘ಮುಂದೆ ಬರುವ’ ಅನ್ನೋದಕ್ಕೆ ಕಡಿವಾಣ ಹಾಕಿದೆ: ಒಪ್ಪಂದದ ಹೊತ್ತಿಗೆ ಇಲ್ಲದ, ಅಥವಾ ವ್ಯಾಪಾರದ ಬಳಕೆಗೆ ಬಂದಿರದ ಮಾಧ್ಯಮಕ್ಕೆ, ಅದರ ಹೆಸರು ಹೇಳಿ ಬರೆಯದಿದ್ರೆ ಆ ವರ್ಗಾವಣೆ ಅನ್ವಯಿಸೋದಿಲ್ಲ. ಆದ್ರೆ ಇ-ಪುಸ್ತಕ ಈಗ ‘ಮುಂದೆ ಬರುವ’ ಮಾಧ್ಯಮ ಅಲ್ಲವಲ್ಲ! ಇವತ್ತು ‘ಇ-ಪುಸ್ತಕ, ಆಡಿಯೋ ಸೇರಿ’ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ್ರೆ ಕೊಟ್ಟ ಹಾಗೇ.

ಅಮೆರಿಕದಲ್ಲಿ ಇದೇ ಜಗಳ ಕೋರ್ಟ್‌ಗೆ ಹೋಗಿತ್ತು. ಕರ್ಟ್ ವಾನೆಗಟ್, ವಿಲಿಯಂ ಸ್ಟೈರನ್ ಅವರ ಹಳೇ ಒಪ್ಪಂದಗಳಲ್ಲಿ ‘ಪುಸ್ತಕ ರೂಪದಲ್ಲಿ’ ಅಂತಷ್ಟೇ ಇತ್ತು. ಲೇಖಕರು ಇ-ಪುಸ್ತಕಕ್ಕೆ ರೊಸೆಟ್ಟಾ ಬುಕ್ಸ್ ಅನ್ನೋ ಸಣ್ಣ ಸಂಸ್ಥೆಗೆ ಒಪ್ಪಿಗೆ ಕೊಟ್ರು. ರ‍್ಯಾಂಡಮ್ ಹೌಸ್ ತಡೆ ಕೇಳಿತು. 2001ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರು ತಡೆ ಕೊಡಲಿಲ್ಲ, ಮೇಲ್ಮನವಿಯಲ್ಲೂ ಅದೇ ಆಯ್ತು. ಕೊನೆಗೆ ಎರಡೂ ಕಡೆಯವರು ರಾಜಿ ಆದ್ರು. ಅಲ್ಲಿನ ತೀರ್ಪು ನಮ್ಮ ಕೋರ್ಟನ್ನ ಕಟ್ಟಿಹಾಕೋದಿಲ್ಲ, ಆದ್ರೆ ಒಂದು ಪದದ ಬೆಲೆ ಎಷ್ಟು ಅಂತ ಗೊತ್ತಾಗುತ್ತೆ.

ಕನ್ನಡದಲ್ಲಿ ಈ ಮಾತು ತಡವಾಗಿ ಬಂತು. 2016ರ ಕೊನೆಗೆ ಕಿಂಡಲ್ ಐದು ಭಾರತೀಯ ಭಾಷೆಗಳನ್ನ ಸೇರಿಸ್ಕೊಂಡಾಗ ಅದರಲ್ಲಿ ಕನ್ನಡ ಇರಲಿಲ್ಲ. ಮಾರೋ ಜಾಗವೇ ಇಲ್ಲದ ಹಕ್ಕಿನ ಬಗ್ಗೆ ಯಾರು ತಲೆ ಕೆಡಿಸ್ಕೊಳ್ತಾರೆ? ಈಗ ಗೂಗಲ್ ಪ್ಲೇ ಬುಕ್ಸ್ ಇದೆ, ಮೈಲ್ಯಾಂಗ್ ಇದೆ, ಋತುಮಾನ ಇದೆ.

ಇನ್ನು ಅವಧಿ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ ಕಾಯ್ದೆ ಅದನ್ನ ಐದು ವರ್ಷ ಅಂತ ಹಿಡಿಯುತ್ತೆ. ನನಗೆ ಇದಕ್ಕಿಂತ ಹೆಚ್ಚು ಇಷ್ಟ ಆಗೋದು ಇನ್ನೊಂದು: ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನ ಬಳಸದಿದ್ರೆ, ಕಾಗದದಲ್ಲಿ ಬೇರೆ ಮಾತು ಇರದಿದ್ರೆ, ಆ ಹಕ್ಕು ತಾನೇ ಬಿದ್ದುಹೋಗುತ್ತೆ. ಲೈಸೆನ್ಸಿಗೂ ಇದೇ ನಿಯಮ. ಇ-ಪುಸ್ತಕದ ಹಕ್ಕು ಬರೆಸ್ಕೊಂಡು ಕಪಾಟಿನಲ್ಲಿ ಇಟ್ಟು ಕೂರೋದಕ್ಕೆ ಇದೇ ಮದ್ದು. ಅದಕ್ಕೇ ‘ಬೇರೆ ಮಾತು’ ಸೇರಿದೆಯಾ ಅಂತ ಕಣ್ಣು ಬಿಟ್ಟು ನೋಡಿ.

ದುಡ್ಡಿನ ವಿಷಯ. ಅಚ್ಚಿನ ಪುಸ್ತಕಕ್ಕೆ 10% ರಾಯಧನ ಅನ್ನೋ ಮಾತನ್ನ ಇ-ಪುಸ್ತಕಕ್ಕೂ ಎಳೀಬೇಡಿ. ಇಲ್ಲಿ ಕಾಗದ ಇಲ್ಲ, ಬೈಂಡಿಂಗ್ ಇಲ್ಲ, ಗೋದಾಮು ಇಲ್ಲ. ಆ್ಯಪ್‌ನವರ ಪಾಲು ಹೋಗಿ 60 ರೂಪಾಯಿ ಬಂತು ಅಂದ್ರೆ ಅದರ 10% ಬರೀ 6 ರೂಪಾಯಿ, ಅರ್ಧ ಅಂದ್ರೆ 30. ಇಂಗ್ಲಿಷ್‌ನ ದೊಡ್ಡ ಪ್ರಕಾಶಕರಲ್ಲಿ ನಿವ್ವಳದ 25% ಸಾಮಾನ್ಯ. ಅಕ್ಷರ ಜೋಡಣೆ, ಕರಡು ತಿದ್ದೋದು ಕಾಕಾರ ಖರ್ಚಿನಲ್ಲಿ ಆಗಿದ್ರೆ ಅರ್ಧ-ಅರ್ಧ ಅನ್ಯಾಯ ಅಲ್ಲ ಅಂತ ನನ್ನ ಲೆಕ್ಕ.

ಹಾಂ, ಫೈಲ್! ಹಕ್ಕು ನಿಮ್ಮದಾದ್ರೂ ಪುಟ ಕಟ್ಟಿದ ಫೈಲ್ ಡಿಟಿಪಿಯವರ ಕಂಪ್ಯೂಟರ್‌ನಲ್ಲಿ, ನುಡಿಯ ಹಳೇ ಫಾಂಟ್‌ನಲ್ಲಿ ಕೂತಿರುತ್ತೆ. ಇ-ಪುಸ್ತಕಕ್ಕೆ ಯೂನಿಕೋಡ್ ಬೇಕು. ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು ಕೆಡ್ತಾವೆ. ಕೊನೆಯ ಕರಡಿನ ಯೂನಿಕೋಡ್ ಪ್ರತಿ ನಿಮ್ಮ ಹತ್ರ ಇರಲಿ. ಮುಖಪುಟದ ಚಿತ್ರ ಬರೆದವರನ್ನೂ ಬೇರೆಯಾಗಿ ಕೇಳಿ.

ಸಣ್ಣ ಪ್ರಕಾಶಕರು ನಮ್ಮ ಜಿಲ್ಲೆಗೆ ಹೊಸಬರಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿ ವಚನಗಳನ್ನ ಅಚ್ಚು ಹಾಕಿದ್ರು. ಅವರು ತೀರಿಕೊಂಡಿದ್ದು 1964ರಲ್ಲಿ. ಲೇಖಕರ ನಂತರ 60 ವರ್ಷ ಹಕ್ಕು ಇರುತ್ತೆ, ಹಾಗಾಗಿ ಅವರ ಬರಹ 2025ರ ಜನವರಿ 1ರಿಂದ ಎಲ್ಲರದು. ಇಂಡಿ ಸೀಮೆಯ ಹಲಸಂಗಿಯ ಮಧುರಚೆನ್ನರು ತೀರಿಕೊಂಡಿದ್ದು 1953ರಲ್ಲಿ, ಅವರ ಕವಿತೆಗಳನ್ನ ನೀವೇ ಇವತ್ತು ಇ-ಪುಸ್ತಕ ಮಾಡಬಹುದು. ಅವರ ಗೆಳೆಯ ಸಿಂಪಿ ಲಿಂಗಣ್ಣ ಬದುಕಿದ್ದು 1993ರ ತನಕ. ಅವರ ಬರಹಕ್ಕೆ 2053ರ ಕೊನೇವರೆಗೂ ಹಕ್ಕುದಾರರ ಒಪ್ಪಿಗೆ ಬೇಕು.

60 ವರ್ಷ ಅಂದ್ರೆ ಸಣ್ಣ ಪ್ರಕಾಶನಕ್ಕೆ ಬಲು ದೊಡ್ಡ ಕಾಲ. ಒಬ್ಬರೇ ನಡೆಸೋ ಸಂಸ್ಥೆ ಅವರ ಜೊತೆಗೇ ಮುಚ್ಚುತ್ತೆ, ಪ್ರತಿ ಮುಗಿಯುತ್ತೆ. ಹಕ್ಕು ಅಲ್ಲಿ ಸಿಕ್ಕಿಕೊಂಡ್ರೆ ಮರುಮುದ್ರಣವೂ ಇಲ್ಲ, ಇ-ಪುಸ್ತಕವೂ ಇಲ್ಲ. ಸಿಗೋದು ಟೆಲಿಗ್ರಾಂನಲ್ಲಿ ಓಡಾಡೋ ಸ್ಕ್ಯಾನ್ ಪಿಡಿಎಫ್ ಮಾತ್ರ.

ನಮ್ಮ ಅಗರಖೇಡದ ಹುಡುಗಿ ಏನು ಮಾಡಬೇಕು? ಕಾಕಾರ ಜೊತೆ ಜಗಳ ಬೇಡ. ಮತ್ತೊಂದು ಸಲ ಚಹಾ ಕುಡೀತಾ ಒಂದೇ ಪುಟ ಬರೆದ್ರೆ ಸಾಕು: “ಅಚ್ಚಿನ ಹಕ್ಕು ನಿಮಗೆ ಇಷ್ಟು ವರ್ಷಕ್ಕೆ. ಇ-ಪುಸ್ತಕ, ಆಡಿಯೋ, ಅನುವಾದದ ಹಕ್ಕು ಲೇಖಕಿಯದು. ಇ-ಪುಸ್ತಕದಿಂದ ಬಂದಿದ್ದರಲ್ಲಿ ನಿಮಗೆ ಇಷ್ಟು ಪಾಲು. ಪ್ರತಿ ಮುಗಿದು ಆರು ತಿಂಗಳಲ್ಲಿ ಮರುಮುದ್ರಣ ಆಗದಿದ್ರೆ ಅಚ್ಚಿನ ಹಕ್ಕೂ ವಾಪಸ್.” ಇಬ್ಬರ ಸಹಿ, ತಾರೀಕು, ಆಮೇಲೆ ಇಬ್ಬರ ಫೋನಿನಲ್ಲೂ ಒಂದು ಫೋಟೋ.