ಗಾಳಿಯ ದಿಕ್ಕು ಅಂಕಿಯಾಗುವ ಬಗೆ

ಗಜೇಂದ್ರಗಡದ ಗುಡ್ಡದ ಮೇಲೆ ಸಾಲುಸಾಲು ಗಾಳಿಯಂತ್ರ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅವಕ್ಕೆ ಹೇಳುವವರು ಯಾರು?

ಗಾಳಿ ಬಂದ ಕಡೆಗೆ ಮುಖ ತಿರುಗಿಸುವ, ಬಾಲವಿರುವ ಗಾಳಿ-ದಿಕ್ಸೂಚಕ. ಗಾಳಿ ಅಳೆಯುವ ಕಂಬಗಳ ಮೇಲಿನ ಇಂಥ ಹಲವು ದಿಕ್ಸೂಚಕಗಳಲ್ಲಿ ಪೊಟೆನ್ಶಿಯೋಮೀಟರ್ ಇರುತ್ತದೆ, ರೇಡಿಯೊದ ವಾಲ್ಯೂಮ್ ಗುಂಡಿಯ ಥರದ್ದೇ. ಬಾಲ ತಿರುಗಿದಂತೆ ವೋಲ್ಟೇಜ್ ಏರಿಳಿಯುತ್ತದೆ. ಅದನ್ನು ಅಂಕಿಯಾಗಿಸುವ ಚಿಪ್ಪೇ ಎಡಿಸಿ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ. ಅದರ 16 ಬಿಟ್‌ನ ಎಡಿಎಸ್1115 ಇರುವ ಪುಟ್ಟ ಬೋರ್ಡ್ ಒಂದು, ಅದರ ಅಂಕಿಯನ್ನು ಪರದೆಗೆ ತರುವ ಮೈಕ್ರೋಕಂಟ್ರೋಲರ್ ಒಂದು ಇದ್ದರೆ ರೋಣ, ನರಗುಂದದ ಹುಡುಗರು ಮನೆಯ ಮೇಜಿನ ಮೇಲೇ ಇದನ್ನು ನೋಡಬಹುದು.

ಅವಸರ ಬೇಡ. ಚಿಪ್ಪು ಸುಡುವುದು ವೈರು ಜೋಡಿಸುವಾಗಲೇ. ಮೊದಲು ಗ್ರೌಂಡ್ ವೈರು. ಆಮೇಲೆ 3.3 ವೋಲ್ಟ್, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಜೋಡಿಸಬೇಕು. ಸಿಗ್ನಲ್ ವೈರು ಕಟ್ಟಕಡೆಗೆ. ಪವರ್ ಇಲ್ಲದ ಚಿಪ್ಪಿಗೆ ಸಿಗ್ನಲ್ ನುಗ್ಗಿಸಿದರೆ ಹಿತ್ತಲ ಬಾಗಿಲಿನಿಂದ ಕರೆಂಟು ಹರಿದಂತೆ. ಇನ್‌ಪುಟ್ ವೋಲ್ಟೇಜು ಸಪ್ಲೈ ಮೀರಕೂಡದು.

ಇನ್‌ಪುಟ್ಟನ್ನು ಗ್ರೌಂಡಿಗೆ ಮುಟ್ಟಿಸಿದರೆ ಪರದೆಯ ಮೇಲೆ ಸೊನ್ನೆಯ ಆಸುಪಾಸು ಬರಬೇಕು. ಬಂತೇ? ಈಗ 10 ಕಿಲೋ ಓಮ್‌ನ ಪೊಟೆನ್ಶಿಯೋಮೀಟರ್ ಜೋಡಿಸಿ, ರೇಂಜನ್ನು 4.096 ವೋಲ್ಟ್‌ಗೆ ಇಟ್ಟರೆ ಒಂದೊಂದು ಮೆಟ್ಟಿಲೂ 125 ಮೈಕ್ರೋವೋಲ್ಟ್. ಗುಂಡಿ ನಟ್ಟನಡುವೆ ನಿಂತಾಗ 1.65 ವೋಲ್ಟ್, ಅಂದರೆ ಸುಮಾರು 13,200.

ಗುಂಡಿ ಮುಟ್ಟದೆಯೂ ಅಂಕಿ ವಿಪರೀತ ಕುಣಿಯುತ್ತಿದೆಯೇ? ಚಿಪ್ಪನ್ನು ಬೈಯುವ ಮುನ್ನ ಮೊಬೈಲ್ ಚಾರ್ಜರ್ ಕಿತ್ತು, ಬ್ಯಾಟರಿಯಿಂದ ಪವರ್ ಕೊಟ್ಟು ನೋಡಿ.