ಸರ್ವರ್ ಅಗ್ಗ, ಮೀಟರ್ ದುಬಾರಿ!

ಅಗ್ಗಕ್ಕೆ ಸಿಕ್ಕಿತೆಂದು ಆನೆ ತಂದರೆ ಮೇವಿಗೇನು ಗತಿ? ಕಂಪನಿಗಳು ಕೈಬಿಟ್ಟ ಹಳೇ ಸರ್ವರ್ ಕೊಂಡು ಮನೆಗೆ ಹೊತ್ತು ತರುವ ಕಂಪ್ಯೂಟರ್ ಹವ್ಯಾಸಿಗಳ ಪಾಡೂ ಇಷ್ಟೇ!

ರಾಣಿ ಚೆನ್ನಮ್ಮನ ತವರೂರು ಕಾಕತಿ ಬೆಳಗಾವಿಯ ಮಗ್ಗುಲಲ್ಲೇ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಓದುವ ಕಾಕತಿಯ ಹುಡುಗನೊಬ್ಬನಿಗೆ ಸ್ವಂತ ಸರ್ವರ್ ಕಟ್ಟುವ ಹುಚ್ಚು ಹತ್ತಿತು ಅಂತ ಇಟ್ಟುಕೊಳ್ಳಿ. ಯಂತ್ರ ಚಾಲೂ ಆದೊಡನೆ ಫ್ಯಾನುಗಳ ಗದ್ದಲಕ್ಕೆ ಅವ್ವ ಕೇಳುವ ಮೊದಲ ಪ್ರಶ್ನೆ: "ಏನೋ ತಮ್ಮಾ, ಮನಿಯಾಗ ಗಿರಣಿ ಇಟ್ಟಿಯೇನು?"

ಗೃಹಜ್ಯೋತಿಗೆ ಕುತ್ತು

ಗದ್ದಲ ಸಹಿಸಬಹುದು. ಲೆಕ್ಕ ಬೇರೆಯೇ ಇದೆ. 150 ವಾಟ್ ಎಳೆಯುವ ಸರ್ವರ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 108 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ, ಸರಾಸರಿ 110 ಯೂನಿಟ್ ಬಳಸುವ ಮನೆಗೆ ಶೇಕಡಾ 10 ಸೇರಿಸಿ 121 ಯೂನಿಟ್ ಪುಕ್ಕಟೆ. ಸರ್ವರ್ ಕೂಡಿದರೆ ಬಳಕೆ 218! 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮಗನ ಹವ್ಯಾಸಕ್ಕೆ ಮನೆಯವರಿಗೆಲ್ಲ ದಂಡ!

ಹಾಗಾದರೆ ಹವ್ಯಾಸ ಬಿಡಬೇಕೇ? ಬೇಡ. ಕಚೇರಿಗಳು ಬದಲಾಯಿಸುವ ಪುಟ್ಟ ಡೆಸ್ಕ್‌ಟಾಪ್ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿದೆ. ವಿಂಡೋಸ್ 11 ಒಪ್ಪದ ಇಂಥ ಎಷ್ಟೋ ಯಂತ್ರಗಳು ಲಿನಕ್ಸ್ ಮೇಲೆ ಚೆನ್ನಾಗಿಯೇ ಓಡುತ್ತವೆ. ಸುಮ್ಮನಿರುವಾಗ 20 ವಾಟ್ ತಿಂದರೆ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಪುಕ್ಕಟೆ ಮಿತಿಯ ಮೇಲೆ ಮೂರ್ನಾಲ್ಕು ಯೂನಿಟ್ ಅಷ್ಟೇ.

ಒಂದು ವಾಡೆ, ನಾಲ್ಕು ಬಿಡಾರ

ಇಲ್ಲಿಯೇ ವರ್ಚುವಲೈಸೇಶನ್ ಕೈಹಿಡಿಯುವುದು. ಒಂದೇ ವಾಡೆಯಲ್ಲಿ ನಾಲ್ಕು ಬಿಡಾರ. ಬಾಗಿಲು, ಬೀಗ ಬೇರೆ ಬೇರೆ, ಸೂರು ಮಾತ್ರ ಒಂದು. ಹಾಗೆ ಒಂದು ಯಂತ್ರದೊಳಗೆ ಹಲವು ಯಂತ್ರ: ಒಂದರಲ್ಲಿ ಮನೆಯ ಫೋಟೋ, ಇನ್ನೊಂದರಲ್ಲಿ ಓದಿನ ಪ್ರಯೋಗ. ಪ್ರಯೋಗ ಕೆಟ್ಟರೆ ಆ ಬಿಡಾರವಷ್ಟೇ ಖಾಲಿ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಐಬಿಎಂ 1972ರಲ್ಲೇ ದೊಡ್ಡ ಯಂತ್ರಗಳಿಗೆ ವಿಎಂ/370 ತಂದಿತ್ತು. 2005ರಲ್ಲಿ ಇಂಟೆಲ್ ತನ್ನ ಪ್ರೊಸೆಸರಿನಲ್ಲೇ ಇದಕ್ಕೆ ಅನುಕೂಲ ಇಟ್ಟಿತು. 2007ರಲ್ಲಿ ಕೆವಿಎಂ ಲಿನಕ್ಸಿನೊಳಗೆ ಸೇರಿತು. ಅದನ್ನೇ ಬಳಸುವ ಪ್ರಾಕ್ಸ್‌ಮಾಕ್ಸ್ 2008ರಿಂದ ಇದೆ, ಹಣ ಕೊಡದೆಯೂ ಬಳಸಬಹುದು. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಸ್ವಿಚ್ ಬಂದ್ ಇದ್ದರೆ ಮಾತ್ರ ಕೆಲಸ ಕೆಡುತ್ತದೆ. ಮೊದಲು ಅದನ್ನು ಚಾಲೂ ಮಾಡಬೇಕು. ರ‍್ಯಾಮ್ 16 ಜಿಬಿ ಇದ್ದರೆ ಉಸಿರಾಡಲು ಜಾಗ. ಸರ್ವರಿನ ರಿಜಿಸ್ಟರ್ಡ್ ರ‍್ಯಾಮ್ ಅಗ್ಗವೆಂದು ತಂದರೆ ಡೆಸ್ಕ್‌ಟಾಪಿಗೆ ನಡೆಯದು, ದುಡ್ಡು ದಂಡ.

ಕರೆಂಟ್ ಹೋದರೆ?

ಬರೆಯುತ್ತಿರುವ ಡಿಸ್ಕಿಗೆ ಕರೆಂಟ್ ತಪ್ಪಿದರೆ ಫೈಲುಗಳಿಗೇ ಪೆಟ್ಟು. ಆದ್ದರಿಂದ ಯುಪಿಎಸ್ ಬೇಕೇ ಬೇಕು. ಅದು ಗಂಟೆಗಟ್ಟಲೆ ನಡೆಸಬೇಕಿಲ್ಲ, ಯಂತ್ರ ಮರ್ಯಾದೆಯಿಂದ ಮಲಗುವಷ್ಟು ಹೊತ್ತು ಕೊಟ್ಟರೆ ಸಾಕು.

"ಸ್ನ್ಯಾಪ್‌ಶಾಟ್ ಐತಿ, ಚಿಂತಿಲ್ಲ" ಅನ್ನುವವರೂ ಉಂಟು. ಅದೇ ಡಿಸ್ಕಿನಲ್ಲಿರುವ ಸ್ನ್ಯಾಪ್‌ಶಾಟ್ ಡಿಸ್ಕ್ ಸತ್ತ ದಿನ ಜೊತೆಯಲ್ಲೇ ಸಾಯುತ್ತದೆ. ಇನ್ನೊಂದು ಡಿಸ್ಕಿನ ಪ್ರತಿ ಬೇರೆ ಮನೆಯಲ್ಲಿದ್ದರೇ ಅಕ್ಕನ ಮದುವೆ ಫೋಟೋ ಉಳಿದೀತು.

ಕಲಿಯಲು ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಹೆಸ್ಕಾಂ ಬಿಲ್ ಬಿಚ್ಚಿ ನೋಡುವುದು ಒಳ್ಳೆಯದು!